ಖಾಲಿಯಾದದ್ದು ಯಾರ ಪಟ್ಟಿ?

ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ನಾಲ್ಕು ಹೆಸರಿನ ಕೆಳಗೆ ಬರುತ್ತದೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಒಂದೊಂದಕ್ಕೂ ಕ್ವಿಂಟಾಲಿಗೆ ಕನಿಷ್ಠ ದರ, ಗರಿಷ್ಠ ದರ, ಹೆಚ್ಚು ವಹಿವಾಟು ನಡೆದ ದರ. ಪೈಥಾನ್ ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲು ಕೊಡುವ ಪಟ್ಟಿ ಇದೇ. ಪುಸ್ತಕಗಳಲ್ಲಿ ಸೇಬು, ಕಿತ್ತಳೆ, ಚೆರ್ರಿಗಳ ಪಟ್ಟಿ ಇರುತ್ತದೆ. ಚೆರ್ರಿ ಹಣ್ಣನ್ನು ಪಟ್ಟಿಯಿಂದ ತೆಗೆದರೆ ತೀರ್ಥಹಳ್ಳಿಯ ಹುಡುಗನಿಗೆ ಏನೂ ಅನ್ನಿಸುವುದಿಲ್ಲ. ರಾಶಿ ಅಡಿಕೆಯ ದರ ತಪ್ಪಾಗಿ ಅಳಿಸಿಹೋದರೆ ಅವನ ಮುಖ ಬದಲಾಗುತ್ತದೆ. ಆ ಗಾಬರಿ ಹುಟ್ಟಿದ ಮೇಲೆಯೇ ಕಲಿಕೆ ಶುರುವಾಗುತ್ತದೆ ಎಂಬುದು ನನ್ನ ಅನುಭವ.

ಪೈಥಾನ್‌ನಲ್ಲಿ ಪಟ್ಟಿಗೆ ಲಿಸ್ಟ್ ಎಂದು ಹೆಸರು. ಅದನ್ನು ಬೇಗ ಬೇಗ ಸಂಸ್ಕರಿಸುವುದು ಹೇಗೆ, ಕೆಲಸ ಮುಗಿದ ಮೇಲೆ ಖಾಲಿ ಮಾಡುವುದು ಹೇಗೆ ಎಂಬ ಪ್ರಶ್ನೆ ನೋಡಲು ಚಿಕ್ಕದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಐಚ್ಛಿಕ ವಿಷಯಗಳ ಸಾಲಿನಲ್ಲಿ ಪೈಥಾನ್ ಪರಿಚಯವೂ ಇದೆ. ಲಿಸ್ಟ್ ಪಾಠ ಅದರ ಎರಡನೆಯ ಭಾಗದಲ್ಲೇ ಬರುತ್ತದೆ. ಶಿವಮೊಗ್ಗದ ಜೆಎನ್ಎನ್‌ಸಿಇ, ಪಿಇಎಸ್ ಕಾಲೇಜುಗಳ ಮಕ್ಕಳು ಆ ವಿಶ್ವವಿದ್ಯಾಲಯದವರು. ಒಂದೆರಡು ತರಗತಿಯಲ್ಲಿ ಮುಗಿಯುವ ಪಾಠವೆಂದು ಅನೇಕರು ಅಂದುಕೊಳ್ಳುತ್ತಾರೆ. ಆದರೆ ಪೈಥಾನ್ ವಸ್ತುಗಳನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಮೂಲ ವಿಚಾರವೆಲ್ಲ ಈ ಚಿಕ್ಕ ಪ್ರಶ್ನೆಯಲ್ಲೇ ಅಡಗಿದೆ.

ಭದ್ರಾವತಿಯಲ್ಲಿ ಒಂದು ಭಾನುವಾರ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ನಾನು ಕ್ಲಿಯರ್ ಮಾಡಿದ್ದು ಇವತ್ತಿನ ಲಿಸ್ಟು. ನಿನ್ನೆದೂ ಹೋಯ್ತಲ್ಲ?"

ಅವಳು ಬರೆದಿದ್ದು ಎರಡೇ ಸಾಲು.

ನಿನ್ನೆ = ಇವತ್ತು
ಇವತ್ತು.ಕ್ಲಿಯರ್()

(ಪೈಥಾನ್ 3ರಲ್ಲಿ ಹೆಸರುಗಳನ್ನು ಹೀಗೆ ಕನ್ನಡದಲ್ಲೇ ಇಡಬಹುದು; 2008ರಿಂದ ಈ ಸೌಲಭ್ಯವಿದೆ. ಕ್ಲಿಯರ್, ಫಾರ್, ಇನ್ ಮುಂತಾದ ಭಾಷೆಯ ಸ್ವಂತ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಟೈಪಿಸಬೇಕು. ಇಲ್ಲಿ ಓದಲು ಸುಲಭವಾಗಲೆಂದು ಅವನ್ನೂ ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ.)

"ನೋಡಮ್ಮ, ನೀನು ಪಟ್ಟಿಯನ್ನ ನಕಲು ಮಾಡಲಿಲ್ಲ. ಅದೇ ಪಟ್ಟಿಗೆ ಇನ್ನೊಂದು ಹೆಸರು ಇಟ್ಟೆ" ಎಂದೆ. ಅವಳು ತಲೆಯಾಡಿಸಿದಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ಸಮ ಚಿಹ್ನೆ ಹಾಕಿದರೆ ಎಡಗಡೆಗೆ ನಕಲು ಬರುತ್ತದೆ ಎಂಬ ನಂಬಿಕೆ ನಮಗೆ ಶಾಲೆಯ ಗಣಿತದಿಂದ ಬಂದದ್ದು, ಅಷ್ಟು ಬೇಗ ಹೋಗುವುದಿಲ್ಲ.

ನನಗೂ ಅದು ಬೇಗ ಹೋಗಿರಲಿಲ್ಲ. ವರ್ಷಗಳ ಹಿಂದೆ ಒಂದು ಸಣ್ಣ ಸಂಘಕ್ಕೆ ಸದಸ್ಯರ ಪಾವತಿ ಲೆಕ್ಕ ಬರೆದುಕೊಟ್ಟಿದ್ದೆ. ಏಪ್ರಿಲ್ ತಿಂಗಳ ಪಟ್ಟಿ ತುಂಬುವುದು, ಅದನ್ನು 'ವರ್ಷ' ಎಂಬ ದೊಡ್ಡ ಪಟ್ಟಿಗೆ ಅಪೆಂಡ್ ಮಾಡುವುದು, ತಿಂಗಳ ಪಟ್ಟಿಯನ್ನು ಖಾಲಿ ಮಾಡಿ ಮೇ ತಿಂಗಳನ್ನು ತುಂಬುವುದು. ಹೀಗೆ ಮಾರ್ಚ್‌ವರೆಗೆ. ಕೊನೆಯಲ್ಲಿ 'ವರ್ಷ'ವನ್ನು ತೆರೆದರೆ ಹನ್ನೆರಡು ಪಟ್ಟಿಗಳಿದ್ದವು, ಹನ್ನೆರಡರಲ್ಲೂ ಮಾರ್ಚ್ ತಿಂಗಳ ಲೆಕ್ಕ. ಒಂದೇ ಪಟ್ಟಿಯನ್ನು ಹನ್ನೆರಡು ಸಲ ಸೇರಿಸಿದ್ದೆ, ಪ್ರತಿ ತಿಂಗಳೂ ಅದೇ ಒಂದನ್ನು ತೊಳೆದು ತುಂಬಿದ್ದೆ. ಕಾಗದದ ರಸೀದಿಗಳು ಇದ್ದದ್ದರಿಂದ ಲೆಕ್ಕ ಮತ್ತೆ ಸಿಕ್ಕಿತು. ಎರಡು ರಾತ್ರಿ ಕೂತು ಅವನ್ನೆಲ್ಲ ಮತ್ತೆ ಟೈಪಿಸಿದೆ. ತಪ್ಪು ಸರಿಮಾಡಲು ಒಂದೇ ಸಾಲು ಬದಲಿಸಿದರೆ ಸಾಕಿತ್ತು: ಕ್ಲಿಯರ್ ಎನ್ನುವ ಬದಲು ತಿಂಗಳು = [] ಎಂದು ಬರೆದಿದ್ದರೆ ಹೊಸ ಖಾಲಿ ಪಟ್ಟಿಯೊಂದು ಹುಟ್ಟುತ್ತಿತ್ತು, ಹಳೆಯದು 'ವರ್ಷ'ದೊಳಗೆ ಸುರಕ್ಷಿತವಾಗಿ ಉಳಿಯುತ್ತಿತ್ತು.

ಇದನ್ನು ಭದ್ರಾವತಿಯ ಮಕ್ಕಳಿಗೆ ಹೇಳುವಾಗ ನಾನು ಕಾರ್ಖಾನೆಯ ಬಿಲ್ಲೆಯ ಮಾತು ತೆಗೆಯುತ್ತೇನೆ. ಒಂದು ಕಾಲಕ್ಕೆ ಬೆಂಕಿಪುರ ಎನ್ನಿಸಿಕೊಂಡಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು; ಮಲೆನಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಲಿನಲ್ಲಿ ಕುಲುಮೆ ಉರಿಯಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆ, ಅದರ ಜೊತೆಗೆ ಕಾಗದ ಕಾರ್ಖಾನೆ, ಎರಡರ ಗೇಟುಗಳ ಸುತ್ತಲೂ ಊರು ಬೆಳೆಯಿತು. ಇವತ್ತು ನನ್ನ ಮುಂದೆ ಕೂರುವವರಲ್ಲಿ ಎಷ್ಟೋ ಜನ ಆ ನೌಕರರ ಮೊಮ್ಮಕ್ಕಳು. ಹಳೆಯ ಕಾರ್ಖಾನೆಗಳಲ್ಲಿ ನೌಕರರ ನಂಬರು ಹಾಕಿದ ಬಿಲ್ಲೆಗಳನ್ನು ಹಲಗೆಯ ಮೊಳೆಗಳಿಗೆ ಸಾಲಾಗಿ ನೇತುಹಾಕುತ್ತಿದ್ದರು ಎಂದರೆ ಅವರಿಗೆ ಮನೆಯ ಮಾತು ಕೇಳಿದಂತಾಗುತ್ತದೆ. ಹಲಗೆಯ ಮೇಲೆ ಇರುವುದು ಬಿಲ್ಲೆ, ಮನುಷ್ಯನಲ್ಲ. ಪೈಥಾನ್ ಲಿಸ್ಟ್ ಅಂಥದೇ ಹಲಗೆ. ಅದರ ಒಂದೊಂದು ಮನೆಯಲ್ಲೂ ಇರುವುದು ವಸ್ತು ಎಲ್ಲಿದೆ ಎಂದು ತೋರಿಸುವ ವಿಳಾಸ. ಈಗಿನ 64 ಬಿಟ್ ಯಂತ್ರಗಳಲ್ಲಿ ಒಂದು ವಿಳಾಸಕ್ಕೆ 8 ಬೈಟ್. ಕ್ಲಿಯರ್ ಎಂದರೆ ಹಲಗೆಯ ಬಿಲ್ಲೆಗಳನ್ನೆಲ್ಲ ತೆಗೆಯುವುದು. = [] ಎಂದರೆ ಈ ಹಲಗೆಯನ್ನು ಮುಟ್ಟದೆ, ನಿಮ್ಮ ಕೈಗೆ ಬೇರೆ ಹಲಗೆ ಕೊಡುವುದು. ಹಳೆಯ ಹಲಗೆಯನ್ನು ಮತ್ತ್ಯಾರೂ ಹಿಡಿದಿಲ್ಲದಿದ್ದರೆ ಪೈಥಾನ್ ಅದನ್ನು ತಾನೇ ಒಡೆದುಹಾಕುತ್ತದೆ. ಪ್ರತಿ ವಸ್ತುವನ್ನೂ ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆ ಅದರ ಬಳಿ ಇರುತ್ತದೆ; ಎಣಿಕೆ ಸೊನ್ನೆಗೆ ಇಳಿದ ಗಳಿಗೆ ವಸ್ತುವಿನ ಆಯುಷ್ಯ ಮುಗಿಯಿತು.

ಖಾಲಿ ಮಾಡಲು ಇರುವ ದಾರಿಗಳು ಹಲವು. ಕ್ಲಿಯರ್ ಒಂದು. ಡೆಲ್ ಪಟ್ಟಿ[:] ಇನ್ನೊಂದು. ಪಟ್ಟಿ[:] = [] ಮೂರನೆಯದು. ಪಟ್ಟಿ *= 0 ಎಂದು ಬರೆಯುವವರೂ ಇದ್ದಾರೆ. ಈ ನಾಲ್ಕೂ ಇದ್ದ ಪಟ್ಟಿಯನ್ನೇ ಬರಿದು ಮಾಡುತ್ತವೆ. 1991ರಲ್ಲಿ ಗೀಡೊ ವಾನ್ ರೋಸಮ್ ಪೈಥಾನ್ ಅನ್ನು ಹೊರತಂದ ಮೇಲೆ ಎರಡು ದಶಕಗಳವರೆಗೂ ಲಿಸ್ಟ್‌ಗೆ ಕ್ಲಿಯರ್ ಎಂಬ ವಿಧಾನವೇ ಇರಲಿಲ್ಲ! ಸಂಗ್ರಹದ ಬೇರೆ ಬಗೆಗಳಾದ ಡಿಕ್ಷನರಿಗೆ ಇತ್ತು, ಸೆಟ್‌ಗೆ ಇತ್ತು, ಲಿಸ್ಟ್‌ಗೆ ಮಾತ್ರ 2012ರಲ್ಲಿ 3.3ನೇ ಆವೃತ್ತಿಯ ಜೊತೆ ಬಂತು. ಹಳೆಯ ಪುಸ್ತಕಗಳಲ್ಲಿ ಕಲಿತವರು ಇಂದಿಗೂ ಡೆಲ್ ಬರೆಯುವುದು ಅದಕ್ಕೇ. ಸಾಮಾನ್ಯವಾಗಿ ಎಲ್ಲರೂ ಬಳಸುವ ಸಿಪೈಥಾನ್‌ನಲ್ಲಿ ಕ್ಲಿಯರ್ ಮತ್ತು ಡೆಲ್ ಎರಡೂ ಒಳಗೆ ಒಂದೇ ಕೆಲಸಕ್ಕೆ ಹೋಗಿ ಸೇರುತ್ತವೆ. ಯಾವುದು ಎಷ್ಟು ನ್ಯಾನೊಸೆಕೆಂಡ್ ಬೇಗ ಎಂದು ಕೋಷ್ಟಕ ಹಾಕಿ ಹೋಲಿಸುವುದನ್ನು ಹೊಸಬರಿಗೆ ಕಲಿಸುವುದು ಸಮಯದ ವ್ಯರ್ಥ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಪಟ್ಟಿಯಲ್ಲಿ ಲಕ್ಷ ಸಂಖ್ಯೆಗಳಿದ್ದರೆ ಯಾವ ದಾರಿ ಹಿಡಿದರೂ ಲಕ್ಷ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಲೇಬೇಕು. ಆಯ್ಕೆ ನಡೆಯಬೇಕಾದದ್ದು ಒಂದೇ ಪ್ರಶ್ನೆಯ ಮೇಲೆ: ಈ ಪಟ್ಟಿಯನ್ನು ಇನ್ನು ಯಾರು ಹಿಡಿದಿದ್ದಾರೆ? ಅವರ ಕೈಯಲ್ಲೂ ಖಾಲಿಯಾಗಬೇಕೆಂದರೆ ಕ್ಲಿಯರ್, ಅವರದು ಉಳಿಯಬೇಕೆಂದರೆ ಹೊಸ ಪಟ್ಟಿ. ಓದುವವರಿಗೂ ಉದ್ದೇಶ ತಟ್ಟನೆ ಕಾಣುವುದರಿಂದ ನಾನು ಡೆಲ್‌ಗಿಂತ ಕ್ಲಿಯರ್ ಅನ್ನೇ ಬರೆಸುತ್ತೇನೆ.

ಇಲ್ಲೇ ಇನ್ನೊಂದು ಎಡವಟ್ಟು ಕಾದಿರುತ್ತದೆ. ಪಟ್ಟಿ = ಪಟ್ಟಿ.ಕ್ಲಿಯರ್() ಎಂದು ಬರೆದರೆ ಪಟ್ಟಿ ಎಂಬ ಹೆಸರಿಗೆ ಸಿಗುವುದು ನನ್, ಅಂದರೆ ಏನೂ ಇಲ್ಲ ಎಂಬ ಮೌಲ್ಯ. ಕ್ಲಿಯರ್, ಸಾರ್ಟ್, ರಿವರ್ಸ್, ಅಪೆಂಡ್ ಇವೆಲ್ಲ ಪಟ್ಟಿಯನ್ನು ಇದ್ದಲ್ಲೇ ತಿದ್ದುತ್ತವೆ, ಕೈಗೆ ಏನನ್ನೂ ಕೊಡುವುದಿಲ್ಲ. ಕೊಟ್ಟದ್ದನ್ನು ಹಿಡಿಯಲು ಹೋದವರು ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ.

ಹಾಗೆಯೇ ಒಂದು ವಾರದ ಧಾರಣೆ ಹಾಕಲು ಏಳು ದಿನ, ನಾಲ್ಕು ಬಗೆ ಎಂದುಕೊಂಡು [[0] * 4] * 7 ಎಂದು ಬರೆಯುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಸೋಮವಾರದ ರಾಶಿ ದರ ತುಂಬಿದೊಡನೆ ಏಳೂ ದಿನಗಳ ರಾಶಿ ದರ ಅದೇ ಆಗುತ್ತದೆ. ಒಂದೇ ಸಾಲನ್ನು ಏಳು ಸಲ ನೇತುಹಾಕಿದ್ದರ ಫಲ ಅದು. ಪ್ರತಿ ದಿನಕ್ಕೂ ಬೇರೆ ಸಾಲು ಹುಟ್ಟಬೇಕಾದರೆ [[0] * 4 ಫಾರ್ ದಿನ ಇನ್ ರೇಂಜ್(7)] ಎಂದು ಬರೆಯಬೇಕು.

ಪೂರ್ತಿ ಖಾಲಿ ಮಾಡುವುದಕ್ಕಿಂತ ಕಷ್ಟವಾದದ್ದು ಬೇಡದ್ದನ್ನು ಮಾತ್ರ ತೆಗೆಯುವುದು. ದರ ಬರದ ಕಡೆ 0 ಎಂದು ನಮೂದಾಗಿದೆ ಎಂದುಕೊಳ್ಳಿ: [48000, 0, 0, 51000]. ಉದಾಹರಣೆಗೆ ಹಾಕಿದ ಅಂಕಿಗಳಿವು. ಹೊಸಬರು ಪಟ್ಟಿಯ ಮೇಲೆ ಫಾರ್ ಲೂಪ್ ಓಡಿಸಿ, 0 ಸಿಕ್ಕಲ್ಲಿ ರಿಮೂವ್ ಮಾಡುತ್ತಾರೆ. ಫಲಿತಾಂಶ ನೋಡಿದರೆ ಒಂದು 0 ಹಾಗೇ ಕೂತಿರುತ್ತದೆ. ಕಾರಣ ಸರಳ. ಲೂಪ್ ಹೆಜ್ಜೆ ಎಣಿಸುತ್ತಾ ಹೋಗುತ್ತದೆ. ಎರಡನೇ ಮನೆಯ 0 ತೆಗೆದ ಕೂಡಲೇ ಮೂರನೇ ಮನೆಯ 0 ಎರಡಕ್ಕೆ ಸರಿದು ಕೂರುತ್ತದೆ, ಲೂಪ್ ಮಾತ್ರ ಮೂರಕ್ಕೆ ಹೋಗಿರುತ್ತದೆ. ಪೈಥಾನ್ ಯಾವ ದೋಷವನ್ನೂ ತೋರಿಸುವುದಿಲ್ಲ. ಸೊನ್ನೆಗಳು ಅಕ್ಕಪಕ್ಕ ಬಾರದ ದಿನ ಪ್ರೋಗ್ರಾಂ ಸರಿಯಾಗಿಯೇ ನಡೆಯುವುದರಿಂದ ಈ ತಪ್ಪು ತಿಂಗಳುಗಟ್ಟಲೆ ಅಡಗಿರಬಲ್ಲದು. ಸಾಲದ್ದಕ್ಕೆ ರಿಮೂವ್ ಪ್ರತಿ ಸಲವೂ ಮೊದಲಿನಿಂದ ಹುಡುಕಿಕೊಂಡು ಬರುತ್ತದೆ, ತೆಗೆದ ಮೇಲೆ ಮುಂದಿನದನ್ನೆಲ್ಲ ಒಂದೊಂದು ಮನೆ ಹಿಂದಕ್ಕೆ ಸರಿಸುತ್ತದೆ. ತಪ್ಪೂ ಹೌದು, ನಿಧಾನವೂ ಹೌದು.

ಸರಿಯಾದ ದಾರಿ, ಅಡಿಕೆ ಆರಿಸುವವರು ಮಾಡುವಂಥದು. ಅವರು ರಾಶಿಯೊಳಗಿಂದ ಕೆಟ್ಟದ್ದನ್ನು ಒಂದೊಂದಾಗಿ ಎಸೆದು ಪ್ರತಿ ಸಲ ರಾಶಿಯನ್ನು ಸಮ ಮಾಡುತ್ತಾ ಕೂರುವುದಿಲ್ಲ. ಒಳ್ಳೆಯದನ್ನು ಆರಿಸಿ ಪಕ್ಕದ ಮೊರಕ್ಕೆ ಹಾಕಿಕೊಳ್ಳುತ್ತಾರೆ.

ಒಳ್ಳೆಯವು = [ದರ ಫಾರ್ ದರ ಇನ್ ಪಟ್ಟಿ ಇಫ್ ದರ > 0]

ಲಿಸ್ಟ್ ಕಾಂಪ್ರಿಹೆನ್ಷನ್ ಎಂಬ ಈ ಬರಹ 2000ದಲ್ಲಿ ಪೈಥಾನ್ 2.0 ಜೊತೆ ಬಂತು. ಒಂದೇ ಸುತ್ತು, ಯಾವುದೂ ತಪ್ಪಿಹೋಗುವುದಿಲ್ಲ. ಹಳೆಯ ಪಟ್ಟಿಯನ್ನೇ ಹಿಡಿದ ಬೇರೆಯವರಿಗೂ ಈ ಬದಲಾವಣೆ ಕಾಣಬೇಕಿದ್ದರೆ ಎಡಗಡೆಯಲ್ಲಿ ಪಟ್ಟಿ[:] ಎಂದು ಬರೆದರೆ ಸಾಕು. ಮತ್ತೆ ಅದೇ ಪ್ರಶ್ನೆಗೆ ಬಂದೆವು, ಯಾರು ಹಿಡಿದಿದ್ದಾರೆ ಎಂಬುದಕ್ಕೆ.

ಪಟ್ಟಿಯ ಬಾಲ ಹಗುರ, ತಲೆ ಭಾರ. ಇದನ್ನೊಂದು ಮನಸ್ಸಿಗೆ ಹತ್ತಿಸಿಕೊಂಡರೆ ವೇಗದ ಮುಕ್ಕಾಲು ಪಾಠ ಮುಗಿಯಿತು. ಕೊನೆಯಲ್ಲಿ ಅಪೆಂಡ್ ಮಾಡುವುದು, ಕೊನೆಯಿಂದ ಪಾಪ್ ಮಾಡಿ ತೆಗೆಯುವುದು ಎರಡೂ ಪಟ್ಟಿ ಎಷ್ಟೇ ಉದ್ದವಿರಲಿ ಸರಿಸುಮಾರು ಒಂದೇ ಸಮಯ ಹಿಡಿಯುತ್ತವೆ. ಅಡಿಕೆ ಒಣಗಿಸಲು ಚಪ್ಪರ ಹಾಕುವವರು ಈ ವರ್ಷದ ಬೆಳೆಗಿಂತ ತುಸು ಅಗಲವಾಗಿಯೇ ಹಾಕುವಂತೆ, ಪೈಥಾನ್ ಕೂಡ ಪಟ್ಟಿ ಬೆಳೆಸುವಾಗ ಸುಮಾರು ಎಂಟನೇ ಒಂದು ಪಾಲು ಹೆಚ್ಚಿಗೆ ಜಾಗ ಹಿಡಿದಿಟ್ಟುಕೊಳ್ಳುತ್ತದೆ. ಪ್ರತಿ ಅಪೆಂಡ್‌ಗೂ ಹೊಸ ಜಾಗ ಹುಡುಕುವುದಿಲ್ಲ. ಪಾಪ್(0) ಎಂದು ತಲೆಯಿಂದ ತೆಗೆದರೆ ಮಾತ್ರ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರಬೇಕು. ಲಕ್ಷ ನಮೂದುಗಳ ಪಟ್ಟಿಯನ್ನು ಹೀಗೆ ತಲೆಯಿಂದಲೇ ಬರಿದು ಮಾಡಿದರೆ ಒಟ್ಟು ಸುಮಾರು 500 ಕೋಟಿ ಹೆಜ್ಜೆ. ಸಾವಿರ ನಮೂದುಗಳಿದ್ದರೆ ಬರೀ 5 ಲಕ್ಷ. ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ತರಗತಿಯ ಹತ್ತು ಅಂಕಿಯ ಉದಾಹರಣೆಯಲ್ಲಿ ಈ ವ್ಯತ್ಯಾಸ ಎಂದೂ ಕಾಣುವುದಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಥಟ್ಟನೆ ಎದುರಾಗುತ್ತದೆ.

ಮೊದಲು ಬಂದವರಿಗೆ ಮೊದಲು ಎಂಬ ಸರದಿ ಬೇಕಾದಾಗ ಲಿಸ್ಟ್ ಸರಿಯಾದ ಪಾತ್ರೆ ಅಲ್ಲ. ಅದಕ್ಕೆ ಡೆಕ್ ಇದೆ. 2004ರ ಪೈಥಾನ್ 2.4ರಿಂದ ಕಲೆಕ್ಷನ್ಸ್ ಮಾಡ್ಯೂಲಿನಲ್ಲಿ ಸಿಗುತ್ತದೆ. ಎರಡೂ ತುದಿ ಹಗುರ, ಪಾಪ್‌ಲೆಫ್ಟ್ ಎಂದರೆ ತಲೆಯಿಂದ ತೆಗೆಯುತ್ತದೆ, ಯಾರೂ ಸರಿಯಬೇಕಿಲ್ಲ. ನಡುವಿನ ಮನೆಯನ್ನು ನಂಬರು ಹಿಡಿದು ಹುಡುಕುವುದು ಮಾತ್ರ ಅದರಲ್ಲಿ ನಿಧಾನ. ಡೆಕ್ ಸಾಧ್ಯವಿಲ್ಲದಿದ್ದರೆ ಪಟ್ಟಿಯನ್ನು ಒಮ್ಮೆ ರಿವರ್ಸ್ ಮಾಡಿ ಬಾಲದಿಂದ ತೆಗೆಯುತ್ತಾ ಬನ್ನಿ.

ಇದಕ್ಕಿಂತಲೂ ಹೆಚ್ಚು ಸಮಯ ತಿನ್ನುವುದು ಇನ್ ಎಂಬ ಎರಡಕ್ಷರದ ಪದ. ಒಂದು ಹೆಸರು ಪಟ್ಟಿಯಲ್ಲಿದೆಯೇ ಎಂದು ಕೇಳಿದರೆ ಪೈಥಾನ್ ಮೊದಲಿನಿಂದ ಒಂದೊಂದನ್ನೇ ನೋಡುತ್ತಾ ಬರುತ್ತದೆ. 50,000 ಹೆಸರುಗಳನ್ನು 50,000 ಹೆಸರುಗಳ ಇನ್ನೊಂದು ಪಟ್ಟಿಯಲ್ಲಿ ಹುಡುಕಿದರೆ, ಎಲ್ಲವೂ ಸಿಕ್ಕರೂ ಸರಾಸರಿ 125 ಕೋಟಿ ಹೋಲಿಕೆಗಳಾಗುತ್ತವೆ. ಎರಡನೇ ಪಟ್ಟಿಯನ್ನು ಮೊದಲೇ ಒಮ್ಮೆ ಸೆಟ್ ಆಗಿ ಮಾಡಿಕೊಂಡರೆ 50,000 ಸಲ ಕೇಳಿದರೆ ಮುಗಿಯಿತು, ಪ್ರತಿ ಸಲವೂ ಉತ್ತರ ಹೆಚ್ಚುಕಡಿಮೆ ನೇರವಾಗಿ ಸಿಗುತ್ತದೆ. ಒಂದು ಸಾಲಿನ ಬದಲಾವಣೆಯಿಂದ ಗಂಟೆಯ ಕೆಲಸ ನಿಮಿಷಕ್ಕೆ ಇಳಿಯುವುದನ್ನು ಮಕ್ಕಳು ಕಣ್ಣಾರೆ ಕಂಡಾಗ ತರಗತಿಯಲ್ಲಿ ಏಳುವ ಸದ್ದು ನನಗೆ ಇಷ್ಟ. ಸೆಟ್‌ಗೆ ಸಾಲಿನ ಕ್ರಮ ನೆನಪಿರುವುದಿಲ್ಲ, ಒಂದೇ ಹೆಸರನ್ನು ಅದು ಎರಡು ಸಲ ಇಟ್ಟುಕೊಳ್ಳುವುದೂ ಇಲ್ಲ ಎಂಬುದನ್ನು ಮರೆಯಬಾರದು. ಕ್ರಮವೂ ಉಳಿದು ಪುನರಾವರ್ತನೆಯೂ ಹೋಗಬೇಕಾದರೆ ಡಿಕ್ಟ್.ಫ್ರಂಕೀಸ್ ಬಳಸಬಹುದು, 3.7ನೇ ಆವೃತ್ತಿಯಿಂದ ಡಿಕ್ಷನರಿ ಸೇರಿಸಿದ ಕ್ರಮವನ್ನು ಕಾಪಾಡುತ್ತದೆ.

ವಿಂಗಡಣೆಯ ಬಗ್ಗೆ ಹೊಸಬರು ಚಿಂತೆ ಮಾಡಬೇಕಿಲ್ಲ, ಅದು ಪೈಥಾನ್‌ನ ಅತ್ಯಂತ ಪಳಗಿದ ಭಾಗ. 2002ರಲ್ಲಿ ಟಿಮ್ ಪೀಟರ್ಸ್ ಬರೆದ ಟಿಮ್‌ಸಾರ್ಟ್ ಪಟ್ಟಿಯಲ್ಲಿ ಆಗಲೇ ಕ್ರಮವಾಗಿರುವ ತುಂಡುಗಳನ್ನು ಗುರುತಿಸಿ ಅವನ್ನು ಒಂದಕ್ಕೊಂದು ಸೇರಿಸುತ್ತಾ ಹೋಗುತ್ತದೆ. ಜಾವಾ ಕೂಡ ನಂತರ ಅದನ್ನು ತನ್ನದಾಗಿಸಿಕೊಂಡಿತು. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಕೂಡ್ಲಿಯಲ್ಲಿ ಸೇರುವ ಜಿಲ್ಲೆಯ ಮಕ್ಕಳಿಗೆ ಇದನ್ನು ಚಿತ್ರ ಬರೆದು ತೋರಿಸಬಹುದು. ಎರಡೂ ಊರಿನ ಪಟ್ಟಿಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ, ಒಂದರ ಹಿಂದೆ ಒಂದು ಜೋಡಿಸಿ ಸಾರ್ಟ್ ಎಂದರೆ, ಮೊದಲಿನಿಂದ ವಿಂಗಡಿಸುವ ಶ್ರಮ ಅದಕ್ಕಿಲ್ಲ. ಎರಡು ಹರಿವುಗಳನ್ನು ಸೇರಿಸುವುದಷ್ಟೇ.

ಮೆಮೊರಿ ಉಳಿಸಲು ಜನರೇಟರ್, ಬರೀ ಅಂಕಿಗಳಿಗೆ ನಂಪೈ, ಇವು ಮುಂದಿನ ತರಗತಿಯ ಮಾತು. ಅಳತೆಯ ಮಾತನ್ನು ಮಾತ್ರ ಈಗಲೇ ಹೇಳಬೇಕು. ಟೈಮ್‌ಇಟ್ ಎಂಬ ಸಮಯ ಅಳೆಯುವ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ. ಮಂಡಿಯಲ್ಲಿ ತಕ್ಕಡಿಗೆ ಹಾಕದೆ ಯಾರೂ ತೂಕ ಬರೆಯುವುದಿಲ್ಲ. ಯಾವ ಸಾಲು ನಿಧಾನ ಎಂಬ ನಮ್ಮ ಊಹೆ ಹೆಚ್ಚಿನ ಸಲ ತಪ್ಪೇ ಆಗಿರುತ್ತದೆ, ನನ್ನದೂ ಸೇರಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಪಟ್ಟಿ ಶುಚಿ ಮಾಡುವುದರಲ್ಲಿ ಇನ್ನೊಂದು ಪದರವಿದೆ, ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಊರಿನ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ಶಿಮೊಗ ಎಂದಿದ್ದದ್ದು 2014ರ ನವೆಂಬರ್ 1ರಿಂದ ಶಿವಮೊಗ್ಗ ಎಂದಾಯಿತು. ಅದಕ್ಕೂ ಹಿಂದಿನ ದಾಖಲೆ, ಮುಂದಿನ ದಾಖಲೆ ಒಂದೇ ಪಟ್ಟಿಗೆ ಬಂದರೆ ಒಂದೇ ಊರು ಎರಡಾಗುತ್ತದೆ. ಈ ಸಮಸ್ಯೆ ಕಣ್ಣಿಗೆ ಕಾಣುತ್ತದೆ, ಸರಿಮಾಡಬಹುದು. ಕಾಣದಿರುವುದು ಇನ್ನೊಂದು. ಕನ್ನಡದ ಓದುಗರಿಗೆ 'ಶಿವಮೊಗ್ಗ' ನಾಲ್ಕು ಅಕ್ಷರ. ಪೈಥಾನ್‌ನ ಲೆನ್ ಎಣಿಸಿದರೆ 8. ಕಾಗುಣಿತದ ಚಿಹ್ನೆಯನ್ನೂ ಒತ್ತಕ್ಷರದ ವಿರಾಮವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. 'ಮೊ' ಅಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರ ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡನೆಯ ರೀತಿಯಲ್ಲಿ ಉದ್ದ 9. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಪೈಥಾನ್ ಪಾಲಿಗೆ ಎರಡು ಬೇರೆ ಪದ. ರಿಮೂವ್ ಮಾಡಿದರೆ ಸಿಗಲಿಲ್ಲ ಎನ್ನುತ್ತದೆ, ಸೆಟ್ ಮಾಡಿದರೆ ಎರಡೂ ಉಳಿಯುತ್ತವೆ. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕೀಲಿಮಣೆ ಸೇರಿಸುವ ಕಾಣದ ಚಿಹ್ನೆಯೂ ಇದೇ ಬಗೆಯ ತೊಂದರೆ ಕೊಡುತ್ತದೆ. ಬದಲಾಗುವ ಹೆಸರುಗಳಲ್ಲಿ, ಅಂದರೆ ವೇರಿಯಬಲ್‌ಗಳಲ್ಲಿ ಅದು ಸೇರಿಕೊಂಡರೆ ಪ್ರೋಗ್ರಾಂ ಓಡುವುದೇ ಇಲ್ಲ. ಸಾರ್ಟ್ ಮಾಡಿದಾಗ 'ಳ' ಅಕ್ಷರ 'ವ'ಕ್ಕಿಂತ ಮೊದಲು ಬರುವುದನ್ನು ಕಂಡು ಗಾಬರಿಯಾದವರೂ ಇದ್ದಾರೆ. ಯೂನಿಕೋಡ್ ಅದನ್ನು 'ಲ' ಪಕ್ಕದಲ್ಲಿಟ್ಟಿದೆ, ನಮ್ಮ ವರ್ಣಮಾಲೆ ಕೊನೆಯಲ್ಲಿಟ್ಟಿದೆ.

ಒಡೆದ ಕಾಗುಣಿತಕ್ಕೆ ಪರಿಹಾರ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್. ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದರೆ ಒಡೆದ ಒಕಾರಗಳೆಲ್ಲ ಕೂಡಿಕೊಳ್ಳುತ್ತವೆ. ಕೊನೆಯ ತರಗತಿಯಲ್ಲಿ ನಾನು ಇದನ್ನೇ ಅಭ್ಯಾಸಕ್ಕೆ ಕೊಡುತ್ತೇನೆ. ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರು. ಭದ್ರಾವತಿ, ಸಾಗರ, ಶಿಕಾರಿಪುರ ಇವುಗಳಲ್ಲಿ ಒಡೆಯುವ ಕಾಗುಣಿತವಿಲ್ಲ. ಶಿವಮೊಗ್ಗ, ಹೊಸನಗರ, ಸೊರಬದ ಒಕಾರ, ತೀರ್ಥಹಳ್ಳಿಯ ದೀರ್ಘ ಈಕಾರ ಒಡೆಯುತ್ತವೆ. ಈ ನಾಲ್ಕನ್ನು ಎರಡೂ ರೂಪದಲ್ಲಿ ಬರೆದು ಎಲ್ಲವನ್ನೂ ಸೆಟ್‌ಗೆ ಹಾಕಿದರೆ ಉದ್ದ 11. ಮಕ್ಕಳು ಪರದೆ ನೋಡುತ್ತಾ, ಒಂದೇ ಹೆಸರು ಎರಡೆರಡು ಸಲ ಏಕಿದೆ ಎಂದು ಒಬ್ಬರನ್ನೊಬ್ಬರು ಕೇಳತೊಡಗುತ್ತಾರೆ. ಪ್ರತಿ ಹೆಸರನ್ನೂ ನಾರ್ಮಲೈಸ್ ಮಾಡಿ ಹೊಸ ಸೆಟ್ ಕಟ್ಟಿಸುತ್ತೇನೆ. ಲೆನ್ ಈಗ 7 ಎನ್ನುತ್ತದೆ.